ಹಳೆಯ ಕಾರುಗಳ ಕಂಪನಿ ರೇಡಿಯೋ: ದೋಷ ಮತ್ತು ದೋಷಪತ್ತೆ

ಕಾರು ಕಾರ್ಖಾನೆಯಿಂದ ಹೊರಬೀಳುವಾಗಲೇ ಡ್ಯಾಶ್‌ಬೋರ್ಡಿನಲ್ಲಿ ಕೂತು ಬರುವ ರೇಡಿಯೋವನ್ನು ಗ್ಯಾರೇಜುಗಳಲ್ಲಿ ‘ಕಂಪನಿ ಸೆಟ್’ ಎನ್ನುತ್ತಾರೆ. ಆಮೇಲೆ ಅಂಗಡಿಯಲ್ಲಿ ಹಾಕಿಸಿದ ಸೆಟ್ಟಿನಂತೆ ಇದನ್ನು ನಾಲ್ಕು ವೈರು ಬಿಚ್ಚಿ ಹೊರಗೆಳೆಯಲಾಗದು. ಕಾರಿನ ವೈರಿಂಗು, ಏರಿಯಲ್, ಕೀಲಿ, ಇತ್ತೀಚಿನ ದಶಕಗಳ ಕಾರುಗಳಲ್ಲಾದರೆ ಕಂಪ್ಯೂಟರುಗಳು, ಇವೆಲ್ಲದರ ಜೊತೆ ನಂಟು ಬೆಸೆದುಕೊಂಡೇ ಹುಟ್ಟಿದ ಸೆಟ್ಟು ಇದು. ಹೀಗಾಗಿ ಹಳೆಯ ಕಾರಿನ ರೇಡಿಯೋ ಮೂಕವಾದಾಗ ‘ರೇಡಿಯೋ ಕೆಟ್ಟಿದೆ’ ಎಂದು ಹೇಳುವುದು, ಹೊಟ್ಟೆನೋವು ಎಂದು ಬಂದವನಿಗೆ ‘ನಿಮಗೆ ಹೊಟ್ಟೆನೋವು’ ಎಂದು ಚೀಟಿ ಬರೆದುಕೊಟ್ಟಂತೆ. ದೋಷ ಪೆಟ್ಟಿಗೆಯ ಒಳಗಿದೆಯೋ, ಪೆಟ್ಟಿಗೆಗೂ ಕಾರಿಗೂ ನಡುವೆ ಇದೆಯೋ, ಅಥವಾ ಕಾರಿನಿಂದಲೂ ಹೊರಗೆ ಪ್ರಸಾರಕೇಂದ್ರದಲ್ಲೇ ಇದೆಯೋ ಎಂಬುದು ಮೊದಲು ತೀರ್ಮಾನವಾಗಬೇಕು. ಕಾರ್ ರೇಡಿಯೋದ ತೊಂಬತ್ತಕ್ಕೂ ಹೆಚ್ಚು ವರ್ಷಗಳ ಚರಿತ್ರೆಯನ್ನು ದೋಷಗಳ ಕಡೆಯಿಂದ ಓದಿದರೆ ಒಂದು ಜಾಡು ಕಾಣಿಸುತ್ತದೆ: ಸೆಟ್ಟು ಹಳೆಯದಾದಷ್ಟೂ ದೋಷ ಒಳಗೆ ಸಿಗುವ ಸಂಭವ ಹೆಚ್ಚು, ಹೊಸದಾದಷ್ಟೂ ಅದು ಹೊರಕ್ಕೆ ಸರಿಯುತ್ತ ಹೋಗುತ್ತದೆ. ಆದ್ದರಿಂದ ಸೆಟ್ಟು ಯಾವ ಕಾಲದ್ದೆಂದು ತಿಳಿಯುವುದೇ ದೋಷಪತ್ತೆಯ ಮೊದಲ ಹೆಜ್ಜೆ. ಆದರೆ ಪರೀಕ್ಷೆ ಮಾತ್ರ ಎಲ್ಲ ಕಾಲದ ಸೆಟ್ಟುಗಳಿಗೂ ಹೊರಗಿನಿಂದಲೇ ಆರಂಭವಾಗಬೇಕು. ಇವೆರಡು ಒಂದಕ್ಕೊಂದು ವಿರುದ್ಧವೆಂದು ತೋರಬಹುದು. ಏಕೆ ಅಲ್ಲ ಎಂಬುದೇ ಇಲ್ಲಿನ ವಿಷಯ.

ಅಮೆರಿಕದ ಷಿಕಾಗೊದಲ್ಲಿ ಪಾಲ್ ಗಾಲ್ವಿನ್ ನಡೆಸುತ್ತಿದ್ದ ಗಾಲ್ವಿನ್ ಮ್ಯಾನುಫ್ಯಾಕ್ಚರಿಂಗ್ ಕಾರ್ಪೊರೇಷನ್ 1930ರಲ್ಲಿ ‘ಮೊಟೊರೋಲಾ’ ಹೆಸರಿನ ಕಾರ್ ರೇಡಿಯೋವನ್ನು ಮಾರುಕಟ್ಟೆಗೆ ತಂದಿತು. ಬೆಲೆ ಸುಮಾರು 110ರಿಂದ 130 ಡಾಲರ್. ಜರ್ಮನಿಯ ಬ್ಲೌಪುಂಕ್ಟ್ 1932ರಲ್ಲಿ ಹೊರತಂದ ಎಎಸ್ 5 ಸೆಟ್ಟು ಸುಮಾರು 15 ಕಿಲೋ ತೂಗುತ್ತಿತ್ತು, ಬೆಲೆ 465 ರೈಖ್ಸ್‌ಮಾರ್ಕ್. ಇವೆಲ್ಲ ವಾಲ್ವ್ ಸೆಟ್ಟುಗಳು. ವಾಲ್ವಿಗೆ ಇನ್ನೂರು ವೋಲ್ಟಿನ ಆಸುಪಾಸಿನ ಒತ್ತಡ ಬೇಕು, ಕಾರಿನ ಬ್ಯಾಟರಿಯಲ್ಲಿ ಇದ್ದದ್ದು ಆರು ವೋಲ್ಟ್. ಮೊದಮೊದಲು ಇದಕ್ಕಾಗಿ ಬೇರೆ ಒಣ ಬ್ಯಾಟರಿಗಳನ್ನು ಹೊತ್ತೊಯ್ಯಬೇಕಿತ್ತು. ಮೂವತ್ತರ ದಶಕದಲ್ಲಿ ವೈಬ್ರೇಟರ್ ಬಂದು ಆ ಭಾರ ತಪ್ಪಿಸಿತು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನಾದ ಅಲ್ಯೂಮಿನಿಯಂ ಡಬ್ಬಿಯೊಳಗೆ ಒಂದು ಉಕ್ಕಿನ ಪಟ್ಟಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅದುರುತ್ತ, ಬ್ಯಾಟರಿಯ ನೇರ ವಿದ್ಯುತ್ತನ್ನು ಕತ್ತರಿಸಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತದೆ. ಸೆಟ್ಟು ಹಾಕಿದೊಡನೆ ಜೀರುಂಡೆಯಂತೆ ಗುಂಯ್‌ಗುಡುವ ಸದ್ದು ಇದರದೇ. ಆ ಸದ್ದೇ ದೋಷಪತ್ತೆಯ ಮೊದಲ ಸಾಕ್ಷಿ: ಸದ್ದೇ ಇಲ್ಲವಾದರೆ ಫ್ಯೂಸು ಹೋಗಿದೆ ಅಥವಾ ವೈಬ್ರೇಟರಿನ ತುದಿಗಳು ಕಿಲುಬು ಹಿಡಿದಿವೆ, ಸದ್ದಿದ್ದೂ ಸ್ಪೀಕರು ಮೂಕವಾಗಿದ್ದರೆ ಹುಡುಕಾಟ ಮುಂದಿನ ಹಂತಕ್ಕೆ. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಟ್ರಾನ್ಸ್‌ಫಾರ್ಮರಿನ ಆಚೆಬದಿಗೆ ಕೂರಿಸಿರುವ ‘ಬಫರ್’ ಎಂಬ ಪುಟ್ಟ ಕಂಡೆನ್ಸರ್ ಸೋರತೊಡಗಿದರೆ ವೈಬ್ರೇಟರಿನ ತುದಿಗಳು ಕಿಡಿ ಹಾರಿ ಸುಟ್ಟುಹೋಗುತ್ತವೆ. ವೈಬ್ರೇಟರನ್ನಷ್ಟೇ ಬದಲಿಸಿ ಬಫರನ್ನು ಹಾಗೇ ಬಿಟ್ಟರೆ ಹೊಸ ವೈಬ್ರೇಟರೂ ಹಳೆಯದರ ದಾರಿ ಹಿಡಿಯುತ್ತದೆ. ಆ ಕಾಲದ ಸೆಟ್ಟುಗಳಲ್ಲಿ ಮೇಣ ಬಳಿದ ಕಾಗದದ ಕಂಡೆನ್ಸರುಗಳೂ ಇದ್ದವು. ಈ ವಯಸ್ಸಿಗೆ ಅವುಗಳಲ್ಲಿ ಸೋರದೆ ಉಳಿದದ್ದು ಅಪರೂಪ. ವಾಲ್ವ್ ಕಾಲದ ಸೆಟ್ಟಿನಲ್ಲಿ ದೋಷ ಪೆಟ್ಟಿಗೆಯೊಳಗಿದೆ ಎಂದು ಊಹಿಸುವವರು ಹೆಚ್ಚು ಸಲ ಗೆಲ್ಲುತ್ತಾರೆ.

1955ರ ಕೊನೆಯ ಭಾಗದಲ್ಲಿ ಕ್ರೈಸ್ಲರ್ ತನ್ನ 1956ರ ಮಾದರಿಯ ಕಾರುಗಳಿಗೆ ಫಿಲ್ಕೊ ತಯಾರಿಸಿದ ಪೂರ್ತಿ ಟ್ರಾನ್ಸಿಸ್ಟರಿನ ರೇಡಿಯೋವನ್ನು 150 ಡಾಲರ್ ಹೆಚ್ಚುವರಿ ಬೆಲೆಗೆ ಕೊಡತೊಡಗಿತು. ವೈಬ್ರೇಟರಿನ ಯುಗ ಅಲ್ಲಿಂದ ಇಳಿಮುಖ. ನಡುವೆ ಕೆಲವು ವರ್ಷ 12 ವೋಲ್ಟಿನಲ್ಲೇ ನಡೆಯುವ ವಿಶೇಷ ವಾಲ್ವುಗಳೂ ಕೊನೆಯ ಹಂತಕ್ಕೆ ಒಂದೇ ಒಂದು ದೊಡ್ಡ ಟ್ರಾನ್ಸಿಸ್ಟರೂ ಇರುವ ಮಿಶ್ರತಳಿ ಸೆಟ್ಟುಗಳು ಓಡಾಡಿದವು. ಈ ಕಾಲದ ಅಮೆರಿಕನ್ ಸೆಟ್ಟುಗಳಲ್ಲಿ, ಮುಖ್ಯವಾಗಿ ಜನರಲ್ ಮೋಟಾರ್ಸಿನ ಡೆಲ್ಕೊ ಸೆಟ್ಟುಗಳಲ್ಲಿ, ಸ್ಪೀಕರ್ ಜೋಡಿಸದೆ ಪರೀಕ್ಷೆಗೆ ಇಳಿಯಬಾರದು ಎಂಬ ನಿಯಮವಿದೆ. ಹೊರೆಯಿಲ್ಲದೆ ಓಡಿದರೆ ಕೊನೆಯ ಹಂತದ ಟ್ರಾನ್ಸಿಸ್ಟರೇ ಬಲಿಯಾದೀತು. ಅವಕ್ಕೆಂದೇ ಬಂದ ಸ್ಪೀಕರು ಎಷ್ಟೋ ಮಾದರಿಗಳಲ್ಲಿ 10 ಓಮಿನದು. ಅದು ಹರಿದಾಗ ಎಲ್ಲೆಲ್ಲೂ ಸಿಗುವ 4 ಓಮಿನದನ್ನು ಹಾಕಿದರೆ ಟ್ರಾನ್ಸಿಸ್ಟರು ಕಾದು ಫ್ಯೂಸಿನಂತೆ ಕೆಲಸ ಮಾಡುವ ಪುಟ್ಟ ರೆಸಿಸ್ಟರು ಸುಡುತ್ತದೆ. ದೋಷ ಕಾಣಿಸಿದ್ದು ಒಳಗೆ, ಕಾರಣ ಹೊರಗೆ: ಮುಂದಿನ ದಶಕಗಳ ಕಥೆಯ ಮುನ್ನುಡಿ ಇಲ್ಲೇ ಇದೆ. ಬ್ರಿಟಿಷ್ ಕಾರುಗಳ ಬಲೆ ಬೇರೆ. ಅರವತ್ತರ ದಶಕದ ನಡುವಿನವರೆಗೂ ಅವುಗಳಲ್ಲಿ ಹಲವಕ್ಕೆ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಅರ್ತಿಂಗ್ ಆಗಿರುತ್ತಿತ್ತು. ಅಂಥ ಕಾರಿಗೆ ನೆಗೆಟಿವ್ ಅರ್ತಿಂಗಿನ ಟ್ರಾನ್ಸಿಸ್ಟರ್ ಸೆಟ್ಟನ್ನು ಸಿಕ್ಕಿಸಿದರೆ ಒಂದು ಕ್ಷಣ ಸಾಕು, ಸೆಟ್ಟು ಮುಗಿಯಿತು. ವಾಲ್ವ್ ಸೆಟ್ಟುಗಳಲ್ಲಿ ಹಲವು ಇದನ್ನು ಸಹಿಸಿಕೊಳ್ಳುತ್ತಿದ್ದವು.

ಈ ಕಾಲದ ಒಂದು ದೋಷವನ್ನಂತೂ ಬರಿಗಣ್ಣಿಗೆ ತೋರಿಸಿದರೂ ನಂಬುವುದು ಕಷ್ಟ. ಯುರೋಪಿನ ರೇಡಿಯೋಗಳಲ್ಲಿ ಧಾರಾಳವಾಗಿ ಬಳಕೆಯಾದ ಎಎಫ್ 114ರಿಂದ ಎಎಫ್ 117ರವರೆಗಿನ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಸಣ್ಣ ಲೋಹದ ಡಬ್ಬಿಯಲ್ಲಿ ಬರುತ್ತಿದ್ದವು. ಡಬ್ಬಿಯ ಒಳಮೈಗೆ ತವರದ ಲೇಪ. ದಶಕಗಳು ಕಳೆದಂತೆ ಆ ತವರದಿಂದ ಕೂದಲಿಗಿಂತ ಸಣ್ಣ ಎಳೆಗಳು ತಾವಾಗಿ ಬೆಳೆದು ಒಳಗಿನ ತಂತಿಗಳನ್ನು ಮುಟ್ಟಿ ಶಾರ್ಟ್ ಮಾಡುತ್ತವೆ. ಕಾರು ಓಡದೆ ಶೆಡ್ಡಿನಲ್ಲಿ ನಿಂತೇ ಇದ್ದರೂ ಈ ಬೆಳೆ ನಿಲ್ಲುವುದಿಲ್ಲ. ಈ ಟ್ರಾನ್ಸಿಸ್ಟರಿಗೆ ಮೂರರ ಬದಲು ನಾಲ್ಕು ಕಾಲು, ನಾಲ್ಕನೆಯದು ಡಬ್ಬಿಯನ್ನು ಅರ್ತಿಂಗಿಗೆ ಜೋಡಿಸುವುದು. ಆ ಕಾಲೊಂದನ್ನು ಕತ್ತರಿಸಿದರೆ ಶಾರ್ಟ್ ಆದರೂ ಡಬ್ಬಿ ಅರ್ತಿಂಗಿನಿಂದ ಬೇರೆಯಾಗುವುದರಿಂದ ಸೆಟ್ಟು ಮತ್ತೆ ಹಾಡುವುದುಂಟು. ರಿಪೇರಿಯವರ ಕೈಚಳಕವೆನಿಸುವ ಇಂಥ ಉಪಾಯಗಳಲ್ಲಿ ನಿಜಕ್ಕೂ ತರ್ಕವಿರುವುದು ಕಡಿಮೆ. ಇದು ಅಂಥ ಕಡಿಮೆಯವುಗಳಲ್ಲೊಂದು.

ಎಪ್ಪತ್ತರ ದಶಕದಿಂದ ಸಿಲಿಕಾನ್ ಟ್ರಾನ್ಸಿಸ್ಟರುಗಳೂ ಐಸಿಗಳೂ ಬಂದ ಮೇಲೆ ಪೆಟ್ಟಿಗೆಯ ಒಳಭಾಗ ಗಟ್ಟಿಯಾಯಿತು, ಹೊರಗಿನ ನಂಟುಗಳು ಹೆಚ್ಚಿದವು. ಹಿಂದೆ ಒಂದು ವೈರಿನಲ್ಲಿ ಮುಗಿಯುತ್ತಿದ್ದ ವಿದ್ಯುತ್ ಪೂರೈಕೆಗೆ ಎರಡು ವೈರು ಬೇಕಾದವು: ಒಂದು ಬ್ಯಾಟರಿಯಿಂದ ಸದಾ ಬರುವುದು, ಗಡಿಯಾರಕ್ಕೂ ಸ್ಟೇಷನ್ ನೆನಪಿಗೂ, ಇನ್ನೊಂದು ಕೀಲಿ ತಿರುಗಿಸಿದಾಗ ಮಾತ್ರ ಬರುವುದು. ಯುರೋಪಿನ ಕಾರುಗಳಲ್ಲಿ ರೂಢಿಯಾದ ಐಎಸ್‌ಒ ಕನೆಕ್ಟರಿನ ವಿದ್ಯುತ್ ಭಾಗದಲ್ಲಿ 4ನೆಯ ಪಿನ್ನು ಸದಾ ಬರುವ ಕರೆಂಟಿಗೆ, 7ನೆಯದು ಕೀಲಿಯ ಕರೆಂಟಿಗೆ, 8ನೆಯದು ಅರ್ತಿಂಗಿಗೆ. ಕಾರು ನಿಲ್ಲಿಸಿ ಬಂದಾಗಲೆಲ್ಲ ಸೆಟ್ಟು ಸ್ಟೇಷನ್ನುಗಳನ್ನೂ ಸಮಯವನ್ನೂ ಮರೆಯುತ್ತಿದ್ದರೆ ಅದರ ಮೆದುಳನ್ನು ಶಂಕಿಸಬೇಕಿಲ್ಲ. ಸದಾ ಬರಬೇಕಾದ ಕರೆಂಟು ಬರುತ್ತಿಲ್ಲ, ಅಷ್ಟೆ. ತೊಂಬತ್ತರ ದಶಕದ ಹಲವು ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ 4 ಮತ್ತು 7ರ ಸ್ಥಾನ ಅದಲುಬದಲಾಗಿರುತ್ತಿತ್ತು. ಅಲ್ಲಿ ಬೇರೆ ಸೆಟ್ಟು ಹಾಕಿದವರಿಗೆ ಇದೇ ಮರೆವಿನ ಕಾಯಿಲೆ, ಇಲ್ಲವೆ ರಾತ್ರಿಯಿಡೀ ಸೆಟ್ಟು ಕರೆಂಟು ಹೀರಿ ಬೆಳಗ್ಗೆ ಬ್ಯಾಟರಿ ಇಳಿದಿರುವ ಕಾಯಿಲೆ. ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಎರಡೂ ವಾಸಿ.

ಕರೆಂಟು ಬರುತ್ತಿದೆ ಎಂಬುದನ್ನು ಹೇಗೆ ತಿಳಿಯುವುದು? ಮಲ್ಟಿಮೀಟರ್ ಹಿಡಿದು 12 ವೋಲ್ಟ್ ಕಂಡೊಡನೆ ‘ಸಪ್ಲೈ ಸರಿಯಿದೆ, ಸೆಟ್ಟೇ ಹೋಗಿದೆ’ ಎಂದು ತೀರ್ಪು ಕೊಡುವುದು ಹಳೆಯ ಕಾರುಗಳಲ್ಲಿ ಅತಿ ಸಾಮಾನ್ಯವಾದ ತಪ್ಪು. ಮಲ್ಟಿಮೀಟರ್ ತಾನು ಅಳೆಯುವಾಗ ಹೆಚ್ಚುಕಡಿಮೆ ಏನೂ ಕರೆಂಟು ಎಳೆಯುವುದಿಲ್ಲ. ಹತ್ತು ಎಳೆಯ ವೈರಿನಲ್ಲಿ ಒಂಬತ್ತು ಎಳೆ ತುಂಡಾಗಿ ಒಂದೇ ಉಳಿದಿದ್ದರೂ ಅದಕ್ಕೆ 12 ವೋಲ್ಟೇ ಕಾಣುತ್ತದೆ. ಇದರ ಬದಲು 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಬೆಸೆದು, ರೇಡಿಯೋ ಕನೆಕ್ಟರಿನ ಪಾಸಿಟಿವ್ ಪಿನ್ನಿಗೂ ಅರ್ತಿಂಗ್ ಪಿನ್ನಿಗೂ ನಡುವೆ ಹಿಡಿಯಬೇಕು. ಬಲ್ಬು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಬಿಳಿಯಾಗಿ ಉರಿದರೆ ದಾರಿ ಸರಿಯಿದೆ. ಕೆಂಪಗೆ ಮಿಣುಗುಟ್ಟಿದರೆ ಎಲ್ಲೋ ತುಕ್ಕು, ಲೂಸ್ ಕನೆಕ್ಷನ್. ಆಗ ಪಾಸಿಟಿವ್ ಕಡೆಯದ್ದೋ ಅರ್ತಿಂಗ್ ಕಡೆಯದ್ದೋ ಎಂದು ಬೇರ್ಪಡಿಸುವುದೂ ಸುಲಭ: ಬಲ್ಬಿನ ಅರ್ತಿಂಗ್ ವೈರನ್ನು ಕಿತ್ತು ಬ್ಯಾಟರಿಯ ನೆಗೆಟಿವ್ ತುದಿಗೇ ನೇರ ಮುಟ್ಟಿಸಿದಾಗ ಬೆಳಕು ಏರಿದರೆ ಅಪರಾಧಿ ಅರ್ತಿಂಗು. ಬಲ್ಬಿಲ್ಲದವರು ಸೆಟ್ಟನ್ನು ಜೋರಾಗಿ ಹಾಡಿಸಿ ಅದರ ಲೋಹದ ಮೈಗೂ ಬ್ಯಾಟರಿ ನೆಗೆಟಿವ್ ತುದಿಗೂ ನಡುವಿನ ವೋಲ್ಟೇಜನ್ನು ಅಳೆಯಬಹುದು, ಅದು 0.1 ವೋಲ್ಟನ್ನು ಗಣನೀಯವಾಗಿ ದಾಟಿದರೆ ಅರ್ತಿಂಗನ್ನು ಉಜ್ಜಿ ಬಿಗಿಗೊಳಿಸುವ ಕೆಲಸವಿದೆ. ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಯಾವ ವೈರು ಯಾವುದೆಂದು ಗೊತ್ತಿಲ್ಲದೆ ಬಲ್ಬು ಹಿಡಿದು ತಡಕಾಡಬಾರದು ಎಂಬ ಎಚ್ಚರ ಇಲ್ಲಿ ಅಗತ್ಯ. ಫ್ಯೂಸಿನ ವಿಚಾರದಲ್ಲೂ ಕಣ್ಣನ್ನು ಪೂರ್ತಿ ನಂಬುವಂತಿಲ್ಲ. ಹಳೆಯ ಜರ್ಮನ್ ಮತ್ತು ಇಟಾಲಿಯನ್ ಕಾರುಗಳ ಪಿಂಗಾಣಿ ಫ್ಯೂಸುಗಳು ತಂತಿ ಗಟ್ಟಿಯಾಗಿದ್ದೂ ಎರಡು ತುದಿಯ ಮೊನೆಗಳಲ್ಲಿ ಕಿಲುಬು ಹಿಡಿದು ಕರೆಂಟು ತಡೆಯುತ್ತವೆ. ಅಂಥದ್ದನ್ನು ಬೆರಳಿನಿಂದ ಒಮ್ಮೆ ತಿರುಗಿಸಿದರೆ ರೇಡಿಯೋ ಜೀವ ತಳೆಯುತ್ತದೆ, ತಿಂಗಳೊಪ್ಪತ್ತಿಗೆ ಮತ್ತೆ ಸಾಯುತ್ತದೆ.

ಸೆಟ್ಟು ಬೆಳಗುತ್ತದೆ, ಸ್ಪೀಕರಿನಲ್ಲಿ ಸುಯ್‌ಗುಟ್ಟುತ್ತದೆ, ಸ್ಟೇಷನ್ ಮಾತ್ರ ಸಿಗದು ಎಂದಾದರೆ ಏರಿಯಲ್ಲಿನ ಸರದಿ. ಬಾನೆಟ್ಟಿನ ಪಕ್ಕದ ಕೋಲು ಏರಿಯಲ್ಲು ಮಳೆ, ಕೆಸರು, ತೊಳೆಯುವ ಬ್ರಷ್ಷು ಎಲ್ಲಕ್ಕೂ ಮೈಯೊಡ್ಡಿ ನಿಂತದ್ದು. ಅದರ ಬುಡದಲ್ಲಿ ನೀರಿಳಿದು ಕೇಬಲ್ಲಿನೊಳಗೆ ಹಸಿರು ಕಿಲುಬು ಕಟ್ಟುತ್ತದೆ. ಬುಡವನ್ನು ಮಡ್‌ಗಾರ್ಡಿನ ತಗಡಿಗೆ ಬಿಗಿಯುವ ನಟ್ಟಿನ ಕೆಳಗೆ ತುಕ್ಕು ಹಿಡಿದು ಅರ್ತಿಂಗ್ ತಪ್ಪುತ್ತದೆ. ಪರೀಕ್ಷೆಗೆ ಸಲಕರಣೆ ಬೇಡ. ಏರಿಯಲ್ ಪ್ಲಗ್ಗನ್ನು ಸೆಟ್ಟಿನಿಂದ ಕಿತ್ತು, ಆ ತೂತಿನ ನಡುವಿನ ಪಿನ್ನಿಗೆ ಒಂದು ಮೀಟರಿನಷ್ಟು ವೈರು ಸಿಕ್ಕಿಸಿ ಕಿಟಕಿಯಾಚೆ ಇಳಿಬಿಟ್ಟಾಗ ಸ್ಟೇಷನ್ನುಗಳು ಬಂದರೆ ಸೆಟ್ಟು ನಿರಪರಾಧಿ. ಏರಿಯಲ್ಲು ಬದಲಿಸಿದ ಮೇಲೂ ಮೀಡಿಯಂ ವೇವ್ ಸಣಕಲಾಗಿದ್ದರೆ ಹಳೆಯ ಸೆಟ್ಟುಗಳಲ್ಲಿ ಇನ್ನೊಂದು ಕೆಲಸ ಬಾಕಿಯಿರುತ್ತದೆ. ಏರಿಯಲ್ ತೂತಿನ ಪಕ್ಕದಲ್ಲೋ ಗುಂಡಿಯ ಹಿಂದೆಯೋ ಟ್ರಿಮ್ಮರ್ ಎಂಬ ಸಣ್ಣ ಸ್ಕ್ರೂ ಇದೆ. ಏರಿಯಲ್ ಮತ್ತು ಕೇಬಲ್ಲು ಸೇರಿ ಆಗುವ ಕೆಪಾಸಿಟೆನ್ಸಿಗೆ ಸೆಟ್ಟನ್ನು ಹೊಂದಿಸಲೆಂದೇ ಅದು ಇರುವುದು. 1400 ಕಿಲೋಹರ್ಟ್ಸ್ ಆಸುಪಾಸಿನ ಒಂದು ಕ್ಷೀಣ ಸ್ಟೇಷನ್ ಹಿಡಿದು, ಸದ್ದು ಅತಿ ಹೆಚ್ಚಾಗುವ ಜಾಗಕ್ಕೆ ಸ್ಕ್ರೂ ತಿರುಗಿಸಿ ಬಿಡಬೇಕು. ಕಾರಿನ ಕೈಪಿಡಿಗಳಲ್ಲಿ ಬರೆದೇ ಇರುತ್ತಿದ್ದ ಈ ಒಂದು ನಿಮಿಷದ ಕೆಲಸವನ್ನು ಮಾಡದೆ ಎಷ್ಟೋ ಒಳ್ಳೆಯ ಸೆಟ್ಟುಗಳನ್ನು ಗುಜರಿಗೆ ಹಾಕಿದ್ದಾರೆ. ಮೋಟಾರಿನಿಂದ ಮೇಲೇಳುವ ಏರಿಯಲ್ಲುಗಳ ಕಥೆ ಚಿಕ್ಕದು: ಒಳಗಿನ ಹಲ್ಲುಹಲ್ಲಿನ ನೈಲಾನ್ ಹುರಿ ತುಂಡಾಗುತ್ತದೆ, ಮೋಟಾರು ಸುಮ್ಮನೆ ಗುರ್ರೆನ್ನುತ್ತದೆ.

ಗರಗರ ಸದ್ದಿನ ದೋಷ ಇವೆಲ್ಲಕ್ಕಿಂತ ಕೆಟ್ಟ ಹೆಸರು ಪಡೆದದ್ದು, ಆದರೆ ತರ್ಕಕ್ಕೆ ಇಷ್ಟು ಸಲೀಸಾಗಿ ಬಗ್ಗುವ ದೋಷ ಬೇರೊಂದಿಲ್ಲ. ಎಂಜಿನ್ ನಿಲ್ಲಿಸಿ ಕೇಳಿದಾಗಲೂ ಸದ್ದಿದ್ದರೆ ಮೂಲ ಎಂಜಿನ್ನಿನದಲ್ಲ, ಮೇಲಿನ ವಿದ್ಯುತ್ ತಂತಿಯದ್ದೋ ಪಕ್ಕದ ಅಂಗಡಿಯ ದೀಪದ್ದೋ ಇರಬಹುದು. ಎಂಜಿನ್ ಜೊತೆ ಬರುವ ಸದ್ದು ಚಟಪಟ ಸಿಡಿಯುತ್ತಿದ್ದರೆ ಇಗ್ನಿಷನ್ನಿನದು; ವೇಗ ಏರಿದಂತೆ ಕೀರಲಾಗುತ್ತ ಏರುವ ಸಿಳ್ಳೆಯಾದರೆ ಆಲ್ಟರ್ನೇಟರಿನದು. ಮುಂದಿನ ಹೆಜ್ಜೆ ಏರಿಯಲ್ ಪ್ಲಗ್ ಕೀಳುವುದು. ಸದ್ದು ನಿಂತರೆ ಅದು ಗಾಳಿಯಲ್ಲಿ ಏರಿಯಲ್ಲಿನ ಮೂಲಕ ಬರುತ್ತಿತ್ತು, ನಿಲ್ಲದಿದ್ದರೆ ವಿದ್ಯುತ್ ವೈರಿನ ಮೂಲಕ. ಕೊನೆಗೆ ವಾಲ್ಯೂಮ್ ಇಳಿಸಬೇಕು. ಹಾಡು ಇಳಿದೂ ಸದ್ದು ಇಳಿಯದಿದ್ದರೆ ಅದು ವಾಲ್ಯೂಮ್ ಗುಂಡಿಯನ್ನು ದಾಟಿದ ಮೇಲೆ ಒಳನುಗ್ಗಿದೆ. ಇಷ್ಟಕ್ಕೆ ಮೂರು ನಿಮಿಷ ಸಾಕು, ದುಡ್ಡು ಬೇಡ. ಪರಿಹಾರಗಳೂ ಅಗ್ಗ: ರೆಸಿಸ್ಟರ್ ಇರುವ ಸ್ಪಾರ್ಕ್ ಪ್ಲಗ್ಗು, ಇಗ್ನಿಷನ್ ಕಾಯಿಲಿಗೆ ಕೀಲಿಯ ಕಡೆಯ ತುದಿಯಲ್ಲಿ ಒಂದು ಸಪ್ರೆಸರ್ ಕಂಡೆನ್ಸರು (ಇದನ್ನು ಪಾಯಿಂಟಿನ ಕಡೆಯ ತುದಿಗೆ ಹಾಕಿದರೆ ಎಂಜಿನ್ನೇ ಸರಿಯಾಗಿ ಓಡದು), ಬಾನೆಟ್ಟಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ. ಆಲ್ಟರ್ನೇಟರಿನ ಡಯೋಡು ಹೋಗಿದ್ದರೆ ಮಾತ್ರ ಫಿಲ್ಟರ್ ಹಾಕಿ ಮುಚ್ಚಿಡುವುದು ತಪ್ಪು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಎಸಿ ವೋಲ್ಟೇಜು ಅರ್ಧ ವೋಲ್ಟಿನ ಹತ್ತಿರ ಕಂಡರೆ ರೇಡಿಯೋ ಕೊಡುತ್ತಿರುವುದು ಆಲ್ಟರ್ನೇಟರಿನ ದೂರು. ವರ್ಷಗಟ್ಟಲೆ ಶಾಂತವಾಗಿದ್ದ ಕಾರಿನಲ್ಲಿ ದಿಢೀರನೆ ಗರಗರ ಶುರುವಾಗಿದ್ದರೆ ಇತ್ತೀಚೆಗೆ ಹಾಕಿಸಿದ ಎಲ್‌ಇಡಿ ಬಲ್ಬನ್ನೋ, ಲೈಟರಿಗೆ ಸಿಕ್ಕಿಸಿದ ಮೊಬೈಲ್ ಚಾರ್ಜರನ್ನೋ ಮೊದಲು ಕಿತ್ತು ನೋಡುವುದು ಬುದ್ಧಿವಂತಿಕೆ.

ಇಷ್ಟರ ಮೇಲೂ ಒಂದು ಗಟ್ಟಿ ಆಕ್ಷೇಪ ಉಳಿಯುತ್ತದೆ. ಎಲೆಕ್ಟ್ರೋಲಿಟಿಕ್ ಕಂಡೆನ್ಸರಿಗೆ ಆಯುಸ್ಸು ಬರೆದಿದೆ. ಅದರೊಳಗಿನ ದ್ರವ ಒಣಗಿಯೋ ಸೋರಿಯೋ ಹೋಗಲೇಬೇಕು, ಆದ್ದರಿಂದ ಮೂವತ್ತು ದಾಟಿದ ಸೆಟ್ಟಿನಲ್ಲಿ ಮೊದಲು ಪೆಟ್ಟಿಗೆಯನ್ನೇ ಬಿಚ್ಚುವುದು ನ್ಯಾಯ ಎನ್ನುತ್ತಾರೆ ಎಲೆಕ್ಟ್ರಾನಿಕ್ಸ್ ಬಲ್ಲವರು. ಆಧಾರವೂ ಇದೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕಂಡೆನ್ಸರಿನ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಒಪ್ಪಿತ ಲೆಕ್ಕ. ಅರಿಜೋನಾದ ಟೆಂಪಿಯಲ್ಲಿ ಬೇಸಿಗೆಯ ಬಿಸಿಲಿಗೆ ಒಂದು ಗಂಟೆ ನಿಲ್ಲಿಸಿದ ಕಾರುಗಳ ಡ್ಯಾಶ್‌ಬೋರ್ಡು ಸರಾಸರಿ 69 ಡಿಗ್ರಿ ಸೆಲ್ಷಿಯಸ್ ಮುಟ್ಟಿದ್ದನ್ನು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಎಂಬತ್ತರ ದಶಕದ ಕೊನೆ, ತೊಂಬತ್ತರ ಆರಂಭದಲ್ಲಿ ಬೋರ್ಡಿನ ಮೇಲೆಯೇ ಕೂರಿಸುವ ಪುಟ್ಟ ಕಂಡೆನ್ಸರುಗಳು ಬಳಕೆಗೆ ಬಂದವು. ಆ ಮೊದಲ ತಲೆಮಾರಿನವು ಕುಖ್ಯಾತ: ಕೆಳಗಿನಿಂದ ಸೋರಿದ ದ್ರವ ಬೋರ್ಡಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ, ಬಿಸಿ ಮಾಡಿದಾಗ ಮೀನಿನಂಥ ನಾತ ಬರುತ್ತದೆ. ಬೆಸುಗೆಗಳೂ ಹಾಗೆಯೇ. ಬಿಸಿಲು ನೆರಳಿಗೆ ಹಿಗ್ಗಿ ಕುಗ್ಗಿ, ರಸ್ತೆಯ ಗುಂಡಿಗಳಿಗೆ ಕುಲುಕಿ, ಕನೆಕ್ಟರಿನ ಪಿನ್ನುಗಳ ಸುತ್ತ ಉಗುರಿನ ಗೆರೆಯಂಥ ಬಿರುಕು ಬಿಡುತ್ತವೆ. ಈ ಆಕ್ಷೇಪದಲ್ಲಿ ಸತ್ಯಾಂಶ ದೊಡ್ಡದೇ.

ಆದರೂ ಅದರಿಂದ ಪರೀಕ್ಷೆಯ ಕ್ರಮ ತಲೆಕೆಳಗಾಗುವುದಿಲ್ಲ, ಕಾರಣಗಳಿವೆ. ಮೊದಲನೆಯದಾಗಿ, ಒಳಗಿನ ಮುಪ್ಪಿಗೆ ತನ್ನದೇ ನಡವಳಿಕೆಯಿದೆ. ಅದು ಉಷ್ಣತೆಯ ಜೊತೆ, ಸಮಯದ ಜೊತೆ ಬದಲಾಗುತ್ತದೆ. ಬೆಳಗಿನ ತಂಪಿನಲ್ಲಿ ಹಾಡಿ ಮಧ್ಯಾಹ್ನ ಮೂಕವಾಗುವ ಸೆಟ್ಟು, ಹಾಕಿ ಹತ್ತು ನಿಮಿಷದ ಮೇಲಷ್ಟೇ ಸದ್ದು ತುಂಬಿಕೊಳ್ಳುವ ಸೆಟ್ಟು, ನೆತ್ತಿಗೆ ತಟ್ಟಿದರೆ ಸರಿಹೋಗುವ ಸೆಟ್ಟು, ಇವು ಪೆಟ್ಟಿಗೆ ಬಿಚ್ಚಿ ಎಂದೇ ಕೇಳುತ್ತಿವೆ. ಹೊರಗಿನ ದೋಷ ಕೀಲಿಗೆ, ಎಂಜಿನ್ ವೇಗಕ್ಕೆ, ಬಾಗಿಲು ಹಾಕುವುದಕ್ಕೆ, ಮಳೆಗೆ ಸ್ಪಂದಿಸುತ್ತದೆ. ಬಾಗಿಲು ತೆರೆದಾಗ ಒಂದು ಕಡೆಯ ಸದ್ದು ಹೋಗಿ ಮುಚ್ಚಿದಾಗ ಬರುವುದಾದರೆ, ಬಾಗಿಲ ಕೀಲಿನ ಬಳಿ ರಬ್ಬರ್ ಕೊಳವೆಯೊಳಗೆ ಸ್ಪೀಕರ್ ವೈರು ಸವೆದಿದೆ. ಯಾವ ಕಂಡೆನ್ಸರಿಗೂ ಬಾಗಿಲ ಪರಿವೆಯಿಲ್ಲ. ಎರಡನೆಯದಾಗಿ, ಹೊರಗಿನ ಪರೀಕ್ಷೆಯಿಂದ ಸೆಟ್ಟಿಗೆ ಹಾನಿಯಿಲ್ಲ, ಬಿಚ್ಚುವುದರಿಂದ ಇದೆ. ದಶಕಗಳ ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಕೊಕ್ಕೆಗಳು ಮುಟ್ಟಿದರೆ ಮುರಿಯುತ್ತವೆ. ಡಿಸ್‌ಪ್ಲೇಗೆ ಅಂಟಿಸಿದ ರಿಬ್ಬನ್ ಕೇಬಲ್ಲು ಒಮ್ಮೆ ಕಿತ್ತರೆ ಮತ್ತೆ ಕೂರಿಸುವುದು ಎಲ್ಲರ ಕೈಲಾಗದು. ಮೂರನೆಯ ಕಾರಣ ಮುಖ್ಯವಾದದ್ದು. ಹೊರಗಿನ ದೋಷ ಒಳಗಿನದನ್ನು ಹುಟ್ಟಿಸಬಲ್ಲದು. ಇತ್ತೀಚಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡು ವೈರುಗಳೂ ಆಂಪ್ಲಿಫೈಯರಿನಿಂದಲೇ ಹೊರಡುತ್ತವೆ, ಯಾವುದೂ ಬಾಡಿಗೆ ತಾಗಬಾರದು. ಬಾಗಿಲಿನಲ್ಲಿ ಸವೆದ ಅದೇ ವೈರು ತಗಡಿಗೆ ತಾಗಿದರೆ ಔಟ್‌ಪುಟ್ ಐಸಿ ಸುಡುತ್ತದೆ, ಅಥವಾ ಅದರ ರಕ್ಷಣೆ ಎಚ್ಚೆತ್ತು ಸದ್ದು ಕಡಿಯುತ್ತದೆ. ವೈರು ನೋಡದೆ ಐಸಿ ಬದಲಿಸಿದವರು ಇನ್ನೊಂದು ಐಸಿ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಎರಡನೆಯ ಸಲ ಹೋಗುತ್ತಾರೆ.

ಟೇಪು ಮತ್ತು ಸಿಡಿ ಭಾಗಗಳ ದೋಷಗಳು ಬಹುಪಾಲು ಯಂತ್ರದವು, ರೇಡಿಯೋದವಲ್ಲ. ಕ್ಯಾಸೆಟ್ ಯಂತ್ರದಲ್ಲಿ ರಬ್ಬರ್ ಬೆಲ್ಟು ಸಡಿಲವಾದರೆ ಹಾಡು ಎಳೆಯುತ್ತದೆ, ಕರಗಿ ಕಪ್ಪು ಅಂಟಾದರೆ ನಿಲ್ಲುತ್ತದೆ. ಸಿಡಿಯಲ್ಲಿ ಲೆನ್ಸಿನ ಮೇಲಿನ ಧೂಳು. ಡಿಸ್‌ಪ್ಲೇ ಕಪ್ಪಾದದ್ದನ್ನೂ ಸೆಟ್ಟು ಸತ್ತದ್ದೆಂದು ತಿಳಿಯುವವರಿದ್ದಾರೆ. ಅಕ್ಷರ ಕಾಣದೆಯೂ ಹಾಡು ಬರುತ್ತಿದ್ದರೆ ಹೋಗಿರುವುದು ಹಿಂಬದಿಯ ಪುಟ್ಟ ಬಲ್ಬು ಅಥವಾ ಆ ರಿಬ್ಬನ್ ಕೇಬಲ್ಲು.

ಎಂಬತ್ತರ ದಶಕದ ಉತ್ತರಾರ್ಧದಿಂದ ಹೊಸ ಬಗೆಯ ಮೌನವೊಂದು ಸೇರಿಕೊಂಡಿತು, ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಕಳ್ಳತನ ತಡೆಯಲು ಕಂಪನಿಗಳು ಸೆಟ್ಟಿಗೆ ಗುಪ್ತ ಸಂಖ್ಯೆ ಇಟ್ಟವು. ಬ್ಯಾಟರಿ ಕಳಚಿ ಹಾಕಿದೊಡನೆ ಸೆಟ್ಟು ತನ್ನನ್ನು ಕದ್ದಿದ್ದಾರೆಂದು ತಿಳಿದು ‘ಕೋಡ್’ ಅಥವಾ ‘ಸೇಫ್’ ಎಂದು ತೋರಿಸಿ ಸುಮ್ಮನಾಗುತ್ತದೆ. ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಸೆಟ್ಟುಗಳಲ್ಲಿ ಎರಡು ಸಲ ತಪ್ಪು ಸಂಖ್ಯೆ ಒತ್ತಿದರೆ ಸುಮಾರು ಒಂದು ಗಂಟೆ, ಸೆಟ್ಟಿಗೆ ಕರೆಂಟು ಹರಿಯುತ್ತಿರುವಂತೆಯೇ, ಕಾಯಬೇಕು. ಸಂಖ್ಯೆ ಬರೆದ ಕಾರ್ಡು ಮೊದಲ ಮಾಲೀಕನ ಮೇಜಿನ ಖಾನೆಯಲ್ಲೇ ಉಳಿದು ಕಾರು ಮೂರು ಕೈ ಬದಲಾಗಿರುತ್ತದೆ. ಆಗ ಮಾಡಬೇಕಾದದ್ದು ಸೆಟ್ಟನ್ನು ಹೊರತೆಗೆದು ಅದರ ಮೈಮೇಲಿನ ಕ್ರಮಸಂಖ್ಯೆಯನ್ನು ಮಾರಾಟಗಾರರಿಗೆ ಕೊಟ್ಟು, ಕಾರು ತನ್ನದೆಂಬ ದಾಖಲೆ ತೋರಿಸಿ ಗುಪ್ತ ಸಂಖ್ಯೆ ಪಡೆಯುವುದು. ಕಳ್ಳನನ್ನು ಹೆದರಿಸಲು ಇಟ್ಟ ಬೀಗ ಈಗ ಮುಖ್ಯವಾಗಿ ಮಾಲೀಕರನ್ನೇ ಕಾಡುತ್ತಿದೆ.

ಇಪ್ಪತ್ತೊಂದನೆಯ ಶತಮಾನದ ಕಾರುಗಳಲ್ಲಿ ದೋಷ ಇನ್ನೂ ದೂರ ಸರಿಯಿತು. 2001ರ ಬಿಎಂಡಬ್ಲ್ಯು 7 ಸರಣಿಯಲ್ಲಿ ರೇಡಿಯೋ, ಆಂಪ್ಲಿಫೈಯರ್, ಸಿಡಿ, ಫೋನು ಎಲ್ಲವನ್ನೂ ‘ಮೋಸ್ಟ್’ ಎಂಬ ಬೆಳಕಿನ ತಂತಿಯ ಉಂಗುರದಲ್ಲಿ ಪೋಣಿಸಲಾಯಿತು, ಮುಂದೆ ಬೇರೆ ಕಂಪನಿಗಳೂ ಇದನ್ನು ಅನುಸರಿಸಿದವು. ಉಂಗುರದಲ್ಲಿ ಯಾವ ಒಂದು ಮಣಿ ಕೆಟ್ಟರೂ ಇಡೀ ಸರ ಮೌನ. ಡಿಕ್ಕಿಯಲ್ಲಿ ನೀರು ಸೇರಿ ಆಂಪ್ಲಿಫೈಯರ್ ನೆನೆದರೆ ಮುಂದಿನ ಡ್ಯಾಶ್‌ಬೋರ್ಡಿನ ರೇಡಿಯೋ ಸುಮ್ಮನಾಗುತ್ತದೆ. ಇಲ್ಲಿ ಮೆಕ್ಯಾನಿಕ್ ಬಳಸುವ ಸಲಕರಣೆ ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವ ಒಂದು ಪುಟ್ಟ ಪ್ಲಾಸ್ಟಿಕ್ ಕುಣಿಕೆ. ಒಂದೊಂದೇ ಯೂನಿಟ್ಟನ್ನು ಕಳಚಿ ಅದರ ಜಾಗಕ್ಕೆ ಕುಣಿಕೆ ಹಾಕುತ್ತ ಹೋದರೆ, ಯಾವುದನ್ನು ಬಿಟ್ಟಾಗ ಸರ ಮತ್ತೆ ಹಾಡುತ್ತದೋ ಅದೇ ಅಪರಾಧಿ. ಜನರಲ್ ಮೋಟಾರ್ಸ್ ತನ್ನ ಎಷ್ಟೋ ವಾಹನಗಳಲ್ಲಿ ಸೀಟ್‌ಬೆಲ್ಟ್ ಮತ್ತು ಇಂಡಿಕೇಟರಿನ ಎಚ್ಚರಿಕೆಯ ಸದ್ದನ್ನೂ ರೇಡಿಯೋ ಮೂಲಕವೇ ಹೊರಡಿಸಿತು. ಅಂಥಲ್ಲಿ ರೇಡಿಯೋ ಕಿತ್ತರೆ ಎಚ್ಚರಿಕೆಗಳೂ ಹೋಗುತ್ತವೆ.

‘ಇಷ್ಟೆಲ್ಲ ಏಕೆ, ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹೊಸ ಸೆಟ್ಟು ಹಾಕಿಸಿದರಾಯಿತು’ ಎಂಬುದು ಎರಡನೆಯ ಆಕ್ಷೇಪ; ಹೆಚ್ಚಿನವರು ಮಾಡುವುದೂ ಅದನ್ನೇ. ಸೆಟ್ಟೊಂದೇ ಕೆಟ್ಟಿದ್ದರೆ ಈ ಮಾತಿನಲ್ಲಿ ತಪ್ಪಿಲ್ಲ. ಆದರೆ ಹೊಸ ಸೆಟ್ಟು ಹಳೆಯ ಅರ್ತಿಂಗನ್ನು, ಹಳೆಯ ಏರಿಯಲ್ಲನ್ನು, ಬಾಗಿಲಲ್ಲಿ ಸವೆದ ಹಳೆಯ ವೈರನ್ನೇ ಪಿತ್ರಾರ್ಜಿತವಾಗಿ ಪಡೆಯುತ್ತದೆ. ಕೆಲವು ಯುರೋಪಿಯನ್ ಕಾರುಗಳಲ್ಲಿ ಏರಿಯಲ್ಲಿನ ಬುಡದಲ್ಲೇ ಒಂದು ಪುಟ್ಟ ಆಂಪ್ಲಿಫೈಯರ್ ಇರುತ್ತದೆ, ಅದಕ್ಕೆ ಕರೆಂಟು ಹೋಗುವುದು ಕಂಪನಿ ಸೆಟ್ಟಿನಿಂದ ಏರಿಯಲ್ ಕೇಬಲ್ಲಿನ ಮೂಲಕವೇ. ಹೊರಗಿನ ಸೆಟ್ಟು ಆ ಕರೆಂಟು ಕೊಡದು. ಹೀಗೆ ಮೊದಲು ಅಷ್ಟಿಷ್ಟಾದರೂ ಬರುತ್ತಿದ್ದ ಸ್ಟೇಷನ್ನುಗಳು ದುಬಾರಿ ಸೆಟ್ಟು ಹಾಕಿದ ದಿನದಿಂದ ಮಾಯವಾಗುತ್ತವೆ. ಕಂಪನಿಯ ಕನೆಕ್ಟರನ್ನು ಕತ್ತರಿಸಿ ವೈರು ತಿರುಚಿ ಟೇಪು ಸುತ್ತುವ ಪದ್ಧತಿಯಂತೂ ಮುಂದಿನ ದೋಷಪತ್ತೆಗಾರನ ದಾರಿಯನ್ನೇ ಅಳಿಸುತ್ತದೆ.

ಕೊನೆಗೆ, ಸೆಟ್ಟೂ ಸರಿ, ಕಾರೂ ಸರಿ, ಆಕಾಶ ಮಾತ್ರ ಬದಲಾಗಿದೆ ಎಂಬ ಸಂದರ್ಭಗಳು. ನಾರ್ವೆ 2017ರಲ್ಲಿ ತನ್ನ ರಾಷ್ಟ್ರೀಯ ಎಫ್‌ಎಂ ಪ್ರಸಾರವನ್ನು ನಿಲ್ಲಿಸಿ ಡಿಜಿಟಲ್‌ಗೆ ಹೋಯಿತು. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2024ರ ಕೊನೆಯ ದಿನ ಎಫ್‌ಎಂ ಮುಚ್ಚಿತು. ಅಲ್ಲಿನ ಹಳೆಯ ಕಾರುಗಳ ನಿರ್ದೋಷಿ ಸೆಟ್ಟುಗಳಿಗೆ ಆ ಕೇಂದ್ರಗಳನ್ನು ಹಿಡಿಯಲು ಅಡಾಪ್ಟರ್ ಹಾಕದೆ ದಾರಿಯಿಲ್ಲವಾಯಿತು. 2022ರ ಜನವರಿಯಲ್ಲಿ ಅಮೆರಿಕದ ಸಿಯಾಟಲ್ ಸುತ್ತಮುತ್ತ 2014ರಿಂದ 2017ರ ಮಾದರಿಯ ಮಜ್ದಾ ಕಾರುಗಳ ರೇಡಿಯೋಗಳು 94.9ರ ಒಂದೇ ಸ್ಟೇಷನ್ನಿಗೆ ಸಿಕ್ಕಿಕೊಂಡವು. ಪ್ರಸಾರದ ಜೊತೆ ಬಂದ ಚಿತ್ರದ ಫೈಲಿನ ಹೆಸರಿಗೆ ಬಾಲ (ಎಕ್ಸ್‌ಟೆನ್ಷನ್) ಇರಲಿಲ್ಲ, ಸೆಟ್ಟಿನ ಕಂಪ್ಯೂಟರು ಗೊಂದಲಕ್ಕೆ ಬಿದ್ದು ಪದೇಪದೇ ಮರುಚಾಲನೆಯಾಗುತ್ತಿತ್ತು. ಕಾರು ದೇಶ ದಾಟಿದಾಗಲೂ ಇಂಥದ್ದೇ ಆಗುತ್ತದೆ. ಜಪಾನಿನ ಎಫ್‌ಎಂ ಪಟ್ಟಿ ಬಹುಕಾಲ 76ರಿಂದ 90 ಮೆಗಾಹರ್ಟ್ಸ್ ಇತ್ತು. ಅಲ್ಲಿಂದ ಕೀನ್ಯಾಕ್ಕೋ ನ್ಯೂಜಿಲೆಂಡಿಗೋ ಹೋದ ಹಳೆಯ ಕಾರಿನ ಸೆಟ್ಟು ಅಲ್ಲಿನ ಹೆಚ್ಚಿನ ಸ್ಟೇಷನ್ನುಗಳನ್ನು ಕಾಣಲಾರದು. ಆವರ್ತನವನ್ನು ಕೆಳಗಿಳಿಸುವ ಒಂದು ಸಣ್ಣ ಡಬ್ಬಿಯನ್ನು ಏರಿಯಲ್ ದಾರಿಯಲ್ಲಿ ಸೇರಿಸಬೇಕು. ಅಮೆರಿಕದ ಡಿಜಿಟಲ್ ಸೆಟ್ಟುಗಳು ಮೀಡಿಯಂ ವೇವಿನಲ್ಲಿ 10 ಕಿಲೋಹರ್ಟ್ಸಿನ ಹೆಜ್ಜೆ ಇಡುತ್ತವೆ, ಭಾರತದಲ್ಲಿ ಸ್ಟೇಷನ್ನುಗಳ ನಡುವಿನ ಅಂತರ 9. ಅಂಥ ಸೆಟ್ಟು ಬೆಂಗಳೂರಿಗೆ ಬಂದರೆ 610ರಲ್ಲಿ ನಿಲ್ಲುತ್ತದೆ, ಇಲ್ಲವೆ 620ಕ್ಕೆ ಹಾರುತ್ತದೆ. 612ರಲ್ಲಿರುವ ಬೆಂಗಳೂರು ಆಕಾಶವಾಣಿ ಎರಡರ ನಡುವೆ ಕರ್ಕಶವಾಗಿ ಕೇಳುತ್ತದೆ. ಧಾರವಾಡದ 765ರ ಗತಿಯೂ ಅದೇ. ಸೆಟ್ಟು ಬಿಚ್ಚಿ ಕಂಡೆನ್ಸರ್ ಬದಲಿಸುವ ಮೊದಲು ಅದರ ತಳವನ್ನೋ ಪಕ್ಕವನ್ನೋ ಒಮ್ಮೆ ನೋಡಬೇಕು: ಕೆಲವು ಮಾದರಿಗಳಲ್ಲಿ 9 ಮತ್ತು 10ರ ನಡುವೆ ಆಯ್ಕೆ ಮಾಡುವ ಪುಟ್ಟ ಸ್ವಿಚ್ಚು ಇರುತ್ತದೆ, ಅದನ್ನು ಪೆನ್ನಿನ ತುದಿಯಿಂದ ಪಕ್ಕಕ್ಕೆ ತಳ್ಳಿದರೆ 612 ಶುದ್ಧವಾಗಿ ಬರುತ್ತದೆ.